ವಾರಕ್ಕೆ ಇಪ್ಪತ್ತನಾಲ್ಕು ಗಂಟೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಈ ಎರಡನ್ನೂ ಒಂದೇ ಪ್ರಯಾಣದಲ್ಲಿ ಸಾಧಿಸಹೊರಟವನು ಇಂದಿನ ಪರದೇಶದ ವಿದ್ಯಾರ್ಥಿ. ಆದರೆ ಗಾದೆಯನ್ನು ಕಟ್ಟಿದವರು ಒಂದು ಸಂಗತಿಯನ್ನು ಹೇಳದೆ ಬಿಟ್ಟರು: ಸುತ್ತುವ, ಓದುವ ಆ ಕಾಲದಲ್ಲಿ ಅನ್ನದ ಗತಿಯೇನು? ಟೊರಾಂಟೊ, ಮೆಲ್ಬರ್ನ್, ಲಂಡನ್ ನಗರಗಳಿಗೆ ಹೊರಟುನಿಂತ ನಮ್ಮ ಹುಡುಗ ಹುಡುಗಿಯರ ಮುಂದೆ ಮೊದಲು ಬಂದು ನಿಲ್ಲುವ ಪ್ರಶ್ನೆ ಇದೇ. ಇದಕ್ಕೆ ಅವರೂ ಅವರ ತಂದೆತಾಯಿಗಳೂ ಸಾಮಾನ್ಯವಾಗಿ ಕೊಟ್ಟುಕೊಳ್ಳುವ ಉತ್ತರವೂ ಒಂದೇ: ‘ಅಲ್ಲಿ ಓದುತ್ತಲೇ ದುಡಿಯಬಹುದಂತೆ.’

ಈ ‘ಅಂತೆ’ಯನ್ನು ಸ್ವಲ್ಪ ಒರೆಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಇದು ದೂರದ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ. ಬಿ.ಕಾಂ., ಬಿ.ಎಸ್‌ಸಿ. ತರಗತಿಗಳಲ್ಲಿ ನಮ್ಮ ಮುಂದೆ ಕುಳಿತು ಹೋದವರು ಎರಡು ಮೂರು ವರ್ಷಗಳ ಮೇಲೆ ಅಂಕಪಟ್ಟಿಗಳ ಕಂತೆಯೊಡನೆ ಮರಳಿ ಬರುತ್ತಾರೆ. ನಡತೆಯ ಬಗೆಗೆ ನಾಲ್ಕು ಮಾತು ಬರೆದುಕೊಡಿರೆನ್ನುತ್ತಾರೆ. ಕೆಲವೊಮ್ಮೆ ಜೊತೆಯಲ್ಲಿ ತಂದೆಯೂ ಬಂದಿರುವುದುಂಟು. ಮಗ ಸೇರಲಿರುವ ವಿದ್ಯಾಸಂಸ್ಥೆ ಎಂಥದು, ಅಲ್ಲಿ ಏನನ್ನು ಕಲಿಸುತ್ತಾರೆ ಎಂದು ಅವರು ಕೇಳುವುದು ಕಡಿಮೆ. ಅವರು ಕೇಳುವುದು, ‘ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡೋಕೆ ಬಿಡ್ತಾರೆ, ಮೇಷ್ಟ್ರೇ?’ ಎಂದು. ಮನೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ತಂದವರ ಬಾಯಿಂದ ಬರುವ ಈ ಪ್ರಶ್ನೆಯಲ್ಲಿ ನಗುವಂಥದು ಏನೂ ಇಲ್ಲ. ಅದಕ್ಕೆ ನಿಜವಾದ ಉತ್ತರ ಕೊಡುವವರು ಕಡಿಮೆ ಎಂಬುದೇ ಯೋಚಿಸಬೇಕಾದ ಸಂಗತಿ.

ಬಡವನಾದ ವಿದ್ಯಾರ್ಥಿಗೆ ನಮ್ಮಲ್ಲಿ ಹಿಂದೆ ಇದ್ದ ದಾರಿಗಳನ್ನು ಒಮ್ಮೆ ನೆನೆಯಬಹುದು. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದವರ ವೃತ್ತಾಂತಗಳು ನಮ್ಮ ಹಿಂದಿನ ತಲೆಮಾರಿನವರ ಬಾಯಲ್ಲಿ ಹೇರಳವಾಗಿದ್ದವು. ವಾರಾನ್ನದ ಆ ಏರ್ಪಾಡು ಜಾತಿಯ ಗೆರೆಯನ್ನು ದಾಟಿದುದು ಅಪರೂಪ. ಗೆರೆಯ ಹೊರಗೆ ನಿಂತವರಿಗೆ ಬಾಗಿಲು ತೆರೆದುವು ಉಚಿತ ವಿದ್ಯಾರ್ಥಿನಿಲಯಗಳು ಮತ್ತು ಸಿದ್ಧಗಂಗೆ, ಸುತ್ತೂರುಗಳಂಥ ಮಠಗಳ ದಾಸೋಹ. ಇವುಗಳ ಕೊರತೆಗಳು ಏನೇ ಇರಲಿ, ಒಂದು ಗುಣವನ್ನು ಒಪ್ಪಲೇಬೇಕು: ಓದುವವನ ಹೊಟ್ಟೆಯ ಭಾರವನ್ನು ಸಮಾಜದ ಯಾವುದೋ ಒಂದು ಭಾಗ ತನ್ನದೆಂದು ಹೊತ್ತಿತ್ತು.

ಪರದೇಶಕ್ಕೆ ಹೋಗಿ ಕಲಿತವರಲ್ಲಿ ಎರಡು ದೊಡ್ಡ ನಿದರ್ಶನಗಳು ನಮ್ಮೆದುರಿಗಿವೆ. ಡಾ. ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದುದು ಬರೋಡೆಯ ಮಹಾರಾಜರಿತ್ತ ವಿದ್ಯಾರ್ಥಿವೇತನದ ಬಲದಿಂದ. ಆ ವೇತನದ ಅವಧಿ ತೀರಿದಾಗ, 1917ರಲ್ಲಿ, ಲಂಡನ್ನಿನ ವ್ಯಾಸಂಗವನ್ನು ನಡುವೆಯೇ ನಿಲ್ಲಿಸಿ ಅವರು ಹಿಂತಿರುಗಬೇಕಾಯಿತು. ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಅಧ್ಯಾಪಕರಾಗಿ ದುಡಿದು ಹಣ ಕೂಡಿಸಿ, ಸಾಲದುದಕ್ಕೆ ಕೊಲ್ಹಾಪುರದ ಶಾಹೂ ಮಹಾರಾಜರ ನೆರವನ್ನೂ ಸ್ನೇಹಿತರಿಂದ ಸಾಲವನ್ನೂ ಪಡೆದು, 1920ರಲ್ಲಿ ಮತ್ತೆ ಹಡಗು ಹತ್ತಿ ಹಿಡಿದ ಕೆಲಸವನ್ನು ಮುಗಿಸಿ ಬಂದರು. ಮೊದಲು ದುಡಿದು ಆಮೇಲೆ ಓದಿದುದು ಅವರ ಕ್ರಮ.

ಜಯಪ್ರಕಾಶ ನಾರಾಯಣರದು ಇನ್ನೊಂದು ಕ್ರಮ. ಅಸಹಕಾರ ಚಳವಳಿಯಲ್ಲಿ ಕಾಲೇಜನ್ನು ತೊರೆದ ಆ ತರುಣ 1922ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋದರು. ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿದರು, ಹಣ್ಣನ್ನು ಡಬ್ಬಿಗೆ ತುಂಬಿದರು, ಹೋಟೆಲುಗಳಲ್ಲಿ ತಟ್ಟೆ ತೊಳೆದರು. ಬರ್ಕ್ಲಿಯಲ್ಲಿ ಶುಲ್ಕ ಏರಿದಾಗ ಅಯೋವಕ್ಕೆ ಹೋದರು. ಅಲ್ಲಿಂದ ವಿಸ್ಕಾನ್ಸಿನ್, ಓಹಾಯೊ. 1929ರಲ್ಲಿ ಸ್ನಾತಕೋತ್ತರ ಪದವಿಯೊಡನೆ ಮರಳಿದಾಗ ಏಳು ವರ್ಷಗಳು ಸಂದಿದ್ದುವು. ತಟ್ಟೆ ತೊಳೆದ ಕೈಗಳಿಂದ ಅವರ ವಿದ್ಯೆಗೆ ಕುಂದಾಗಲಿಲ್ಲ. ದುಡಿಮೆಗಾರನ ಬಾಳನ್ನು ಒಳಗಿನಿಂದ ಕಂಡುದು ಅವರ ಮುಂದಿನ ವಿಚಾರಗಳಿಗೆ ಬಲವನ್ನೇ ತಂದಿತೆನ್ನಬೇಕು. ಇಂದು ಓದುತ್ತ ದುಡಿಯುವ ಪ್ರತಿಯೊಬ್ಬನೂ ತಾನು ಜಯಪ್ರಕಾಶರ ಹಾದಿಯಲ್ಲಿರುವೆನೆಂದು ಹೇಳಿಕೊಳ್ಳಬಹುದು. ಆದರೆ ಹಾದಿ ಹಾಗೆಯೇ ಉಳಿದಿದೆಯೆ? ಶುಲ್ಕ ಹೆಚ್ಚಾದೊಡನೆ ಊರೂರು ಬದಲಾಯಿಸಿ ಓದಿದ ಅವರ ಸ್ವಾತಂತ್ರ್ಯ ಇಂದಿನವನಿಗೆ ಇಲ್ಲ. ಕೆನಡಾದಲ್ಲಿ, ಉದಾಹರಣೆಗೆ, 2024ರ ನವೆಂಬರಿನಿಂದ ಒಂದು ವಿದ್ಯಾಸಂಸ್ಥೆಯನ್ನು ಬಿಟ್ಟು ಇನ್ನೊಂದಕ್ಕೆ ಸೇರಬೇಕಾದರೆ ಸಾಮಾನ್ಯವಾಗಿ ಹೊಸದಾಗಿ ಅನುಮತಿ ಬೇಡಬೇಕು. ದುಡಿಯುವ ಗಂಟೆಗಳಿಗೂ ಅಲ್ಲಿ ಎಣಿಕೆಯುಂಟು. ಈ ಎಣಿಕೆಯ ಚರಿತ್ರೆಯನ್ನೇ ಸ್ವಲ್ಪ ನೋಡೋಣ.

ಕೆನಡಾದಲ್ಲಿ ಹೊರದೇಶದ ವಿದ್ಯಾರ್ಥಿ ಪಾಠದ ದಿನಗಳಲ್ಲಿ ಕಾಲೇಜಿನ ಹೊರಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಕೂಡದೆಂಬ ನಿಯಮ ಬಹುಕಾಲ ನಡೆದುಬಂದಿತ್ತು. ಅದಕ್ಕೆ ಹೇಳುತ್ತಿದ್ದ ಕಾರಣವೂ ಸಾಧುವಾದುದೇ: ಬಂದಿರುವುದು ಓದುವುದಕ್ಕೆ, ದುಡಿಮೆ ಓದನ್ನು ನುಂಗಬಾರದು. 2022ರ ನವೆಂಬರ್ 15ರಂದು ಸರಕಾರ ಆ ಮಿತಿಯನ್ನು ತೆಗೆದುಹಾಕಿತು. ಒಂದೂವರೆ ವರ್ಷ ಕಾಲ ವಿದ್ಯಾರ್ಥಿ ಎಷ್ಟು ಗಂಟೆ ಬೇಕಾದರೂ ದುಡಿಯಬಹುದಾಗಿತ್ತು. ಆ ಅವಧಿಯಲ್ಲಿ ದುಡಿಮೆ ಓದನ್ನು ನುಂಗದಂತೆ ಹೊಸ ಉಪಾಯವೇನಾದರೂ ದೊರಕಿತ್ತೆ? ಇಲ್ಲ. ಮಹಾಮಾರಿಯ ತರುವಾಯ ಆ ದೇಶದ ಅಂಗಡಿ, ಹೋಟೆಲು, ಉಗ್ರಾಣ, ಆಸ್ಪತ್ರೆಗಳಿಗೆ ಆಳುಗಳ ಕೊರತೆಯಾಗಿತ್ತು. ಸರಕಾರವೂ ಅದನ್ನೇ ಕಾರಣವೆಂದು ಬಹಿರಂಗವಾಗಿ ಸಾರಿತು. 2023ರ ಕೊನೆಯ ಹೊತ್ತಿಗೆ ಆ ದೇಶದಲ್ಲಿ ಹೊರಗಿನಿಂದ ಬಂದ ವಿದ್ಯಾರ್ಥಿಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿತ್ತು. ಎಲ್ಲರಿಗಿಂತ ದೊಡ್ಡ ಪಾಲು ಭಾರತೀಯರದು. ಅಷ್ಟರಲ್ಲಿ ಗಾಳಿ ತಿರುಗಿತು. ಬಾಡಿಗೆ ಮನೆಗಳು ಸಾಲದಾದುವು, ಜನರಲ್ಲಿ ಅಸಮಾಧಾನ ಹುಟ್ಟಿತು. 2024ರ ಜನವರಿಯಲ್ಲಿ ಹೊಸ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹೇರಲಾಯಿತು. ಏಪ್ರಿಲ್ 30ಕ್ಕೆ ಗಂಟೆಗಳ ರಿಯಾಯಿತಿ ಮುಗಿದು ಮತ್ತೆ 20 ಗಂಟೆಯಾಯಿತು. ನವೆಂಬರ್ 8ರಿಂದ ಅದು 24 ಗಂಟೆ.

ಆಸ್ಟ್ರೇಲಿಯದ ನಡೆ ಇನ್ನೂ ಸ್ಪಷ್ಟವಾದುದು. 2020ರ ಏಪ್ರಿಲಿನಲ್ಲಿ, ಮಹಾಮಾರಿಯ ಮೊದಲ ತಿಂಗಳುಗಳಲ್ಲಿ, ತಮ್ಮ ಖರ್ಚನ್ನು ತಾವು ನಿಭಾಯಿಸಲಾರದ ಪರದೇಶೀಯರು ಊರಿಗೆ ಮರಳುವುದು ಮೇಲೆಂದು ಅಲ್ಲಿನ ಪ್ರಧಾನಿ ಸ್ಕಾಟ್ ಮಾರಿಸನ್ನರು ಹೇಳಿದ್ದರು. 2022ರ ಜನವರಿಯಲ್ಲಿ ಅದೇ ಪ್ರಧಾನಿಗಳು, ಬೇಗ ಬನ್ನಿರಿ, ಇಂತಿಷ್ಟು ವಾರಗಳೊಳಗೆ ಬಂದರೆ ವೀಸಾದ ಶುಲ್ಕವನ್ನೇ ಹಿಂತಿರುಗಿಸುತ್ತೇವೆಂದು ವಿದ್ಯಾರ್ಥಿಗಳನ್ನು ಕರೆದರು. ಗಂಟೆಗಳ ಮಿತಿಯನ್ನೂ ಸಡಿಲಿಸಿದರು. 2023ರ ಜುಲೈ 1ರಿಂದ ಮಿತಿ ಮರಳಿ ಬಂತು, ಎರಡು ವಾರಕ್ಕೆ 48 ಗಂಟೆ. ಆ ವೀಸಾದ ಶುಲ್ಕ 2024ರ ಜುಲೈಯಲ್ಲಿ 710 ಡಾಲರಿನಿಂದ 1,600 ಡಾಲರಿಗೆ ಏರಿತು. ಬ್ರಿಟನ್ನಿನಲ್ಲಿಯೂ ಓದು ಮುಗಿದ ಮೇಲೆ ಉಳಿದು ದುಡಿಯುವ ಅವಕಾಶವನ್ನು 2012ರಲ್ಲಿ ಮುಚ್ಚಿದರು, 2021ರಲ್ಲಿ ತೆರೆದರು, ಈಗ ಮತ್ತೆ ಕಿರಿದುಮಾಡಲು ಹೊರಟಿದ್ದಾರೆ.

ಕೆರೆಯ ತೂಬನ್ನು ಎತ್ತುವುದೂ ಇಳಿಸುವುದೂ ಗದ್ದೆಯ ದಾಹವನ್ನು ನೋಡಿ. ಕೆರೆಯ ಮೀನಿನ ಕ್ಷೇಮವನ್ನು ನೋಡಿ ಅಲ್ಲ. ಪರದೇಶದ ವಿದ್ಯಾರ್ಥಿಗೆ ಅನುಮತಿಸಿದ ಗಂಟೆಗಳು ಅಂಥ ತೂಬು. ಇದನ್ನು ಹೇಳುವಾಗ ಆ ದೇಶಗಳನ್ನು ಜರೆಯುವುದು ನಮ್ಮ ಉದ್ದೇಶವಲ್ಲ. ತನ್ನ ಬಾಗಿಲನ್ನು ತನ್ನ ಅನುಕೂಲದಂತೆ ತೆರೆದು ಮುಚ್ಚುವ ಅಧಿಕಾರ ಯಾವ ದೇಶಕ್ಕೂ ಉಂಟು. ಅವರ ಅನುಕೂಲವನ್ನು ನಾವು ನಮ್ಮ ಹಕ್ಕೆಂದು ತಿಳಿದು, ಹತ್ತು ಹದಿನೈದು ವರ್ಷಗಳ ಸಾಲವನ್ನು ಅದರ ಮೇಲೆ ಕಟ್ಟುವುದರಲ್ಲಿ ಅಪಾಯವಿದೆ. ಕೆನಡಾದ ಕಾನೂನಾದರೂ ಈ ವಿಷಯದಲ್ಲಿ ಮುಚ್ಚುಮರೆ ಮಾಡಿಲ್ಲ: ಆ ದೇಶದಲ್ಲಿ ದುಡಿಯದೆಯೇ ಶುಲ್ಕವನ್ನೂ ಜೀವನವನ್ನೂ ನಡೆಸಲು ಸಾಕಾಗುವಷ್ಟು ಹಣ ತನ್ನಲ್ಲಿದೆಯೆಂದು ವಿದ್ಯಾರ್ಥಿ ತೋರಿಸಬೇಕೆಂಬುದೇ ಅಲ್ಲಿಯ ವಿಧಿ. ಕಾನೂನು ‘ದುಡಿಯದೆಯೇ’ ಎನ್ನುತ್ತದೆ. ನಮ್ಮ ಪೇಟೆ ಬೀದಿಗಳಲ್ಲಿ ವಿದೇಶ ವ್ಯಾಸಂಗದ ಫಲಕ ತೂಗುಹಾಕಿದ ಮಧ್ಯವರ್ತಿ ‘ದುಡಿದೇ ತೀರಿಸಬಹುದು’ ಎನ್ನುತ್ತಾನೆ. ಈ ಎರಡು ಮಾತುಗಳ ನಡುವಣ ಕಂದರಕ್ಕೆ ಬೀಳುವವನು ಇಪ್ಪತ್ತೆರಡು ವರ್ಷದ ಹುಡುಗ.

ಮಾತನ್ನು ಬಿಟ್ಟು ಲೆಕ್ಕಕ್ಕೆ ಬರೋಣ. ಟೊರಾಂಟೊ ನಗರವಿರುವ ಆಂಟೇರಿಯೊ ಪ್ರಾಂತದಲ್ಲಿ 2025ರ ಅಕ್ಟೋಬರ್ 1ರಿಂದ ಕನಿಷ್ಠ ಕೂಲಿ ಗಂಟೆಗೆ 17 ಡಾಲರ್ 60 ಸೆಂಟು. 24 ಗಂಟೆಗೆ 422 ಡಾಲರ್ 40 ಸೆಂಟು. ಒಂದು ವಾರವೂ ತಪ್ಪದೆ, ಜ್ವರ ಬಾರದೆ, ಪರೀಕ್ಷೆಗೆಂದು ರಜೆ ಹಾಕದೆ, ವರ್ಷದ 52 ವಾರವೂ ದುಡಿದನೆನ್ನೋಣ; ಕೈಗೆ ಬರುವುದು 21,964 ಡಾಲರು ಮತ್ತು ಕೆಲವು ಸೆಂಟು. ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಊಟ ವಸತಿಗಳಿಗೆ ಬೇಕೆಂದು ಕೆನಡಾ ಸರಕಾರವೇ 2025ರ ಸೆಪ್ಟೆಂಬರ್ 1ರಿಂದ ಗೊತ್ತುಪಡಿಸಿದ ಮೊತ್ತ 22,895 ಡಾಲರು. ಎಂದರೆ, ಅನುಮತಿಸಿದ ಕೊನೆಯ ಗಂಟೆಯವರೆಗೆ ದುಡಿದರೂ ಊಟ ವಸತಿಗಳ ಲೆಕ್ಕದಲ್ಲಿಯೇ ಒಂಬೈನೂರಕ್ಕೂ ಹೆಚ್ಚು ಡಾಲರು ಕಡಿಮೆ ಬೀಳುತ್ತದೆ; ಶುಲ್ಕದ ಮಾತು ಇನ್ನೂ ಬಂದೇ ಇಲ್ಲ. ದೀರ್ಘ ರಜೆಗಳಲ್ಲಿ ಪೂರ್ಣಕಾಲ ದುಡಿಯಲು ಅಡ್ಡಿಯಿಲ್ಲವೆಂಬುದು ನಿಜ. ನಾಲ್ಕು ತಿಂಗಳ ಬೇಸಗೆ ಬಿಡುವು ದೊರೆತು, ಅಷ್ಟು ಕೆಲಸವೂ ದೊರೆತರೆ, ಇನ್ನೊಂದು ನಾಲ್ಕೂವರೆ ಸಾವಿರ ಸೇರಬಹುದು. ಇತ್ತ ಪದವಿ ತರಗತಿಗಳಲ್ಲಿ ಹೊರದೇಶದವರು ಕೊಡುವ ಶುಲ್ಕ 2024–25ರಲ್ಲಿ ವರ್ಷಕ್ಕೆ ಸರಾಸರಿ 40,000 ಡಾಲರನ್ನು ಮುಟ್ಟಿತ್ತು. ಆ ದೇಶದ ಮಕ್ಕಳು ಕೊಡುವುದರ ಐದು ಪಟ್ಟಿಗೂ ಮಿಕ್ಕ ಮೊತ್ತವಿದು. ಸ್ನಾತಕೋತ್ತರ ತರಗತಿಗಳಲ್ಲಿ ಸರಾಸರಿ ಶುಲ್ಕ ಇದಕ್ಕಿಂತ ಕಡಿಮೆ. ಆದರೂ ನಾಲ್ಕೂವರೆ ಸಾವಿರದಿಂದ ಅದು ತೀರುವಂಥದಲ್ಲ.

ಇನ್ನು ಕಾಲದ ಲೆಕ್ಕ. ವಾರಕ್ಕೆ ಹನ್ನೆರಡರಿಂದ ಹದಿನೈದು ಗಂಟೆ ತರಗತಿ. ಒಂದು ಗಂಟೆಯ ಪಾಠಕ್ಕೆ ಎರಡು ಗಂಟೆಯ ಸ್ವಂತ ಓದು ಬೇಕೆಂಬುದು ಅಲ್ಲಿಯ ವಿದ್ಯಾಲಯಗಳ ರೂಢಿಯ ಎಣಿಕೆ. ಹೀಗೆ ಮೂವತ್ತಾರರಿಂದ ನಲವತ್ತೈದು ಗಂಟೆ ಓದಿಗೇ ಬೇಕು. 24 ಗಂಟೆಯ ದುಡಿಮೆ ಸೇರಿದರೆ ಅರವತ್ತಕ್ಕೆ ಮೇಲೆ. ಹಿಮದಲ್ಲಿ ಬಸ್ಸಿಗೆ ಕಾಯುವ ಹೊತ್ತು, ತಾನೇ ಅಡುಗೆ ಮಾಡಿಕೊಳ್ಳುವ ಹೊತ್ತು ಬೇರೆ. ನಾವು ಇದನ್ನು ‘ಅರೆಕಾಲಿಕ’ ಕೆಲಸವೆಂದು ಕರೆಯುತ್ತೇವೆ. ಯಾರ ಅರೆಕಾಲ? ಯಜಮಾನನ ದೃಷ್ಟಿಯಿಂದ ಅದು ಅರೆಕಾಲ. ದುಡಿಯುವವನಿಗೆ ಅದು ಎಚ್ಚರವಿರುವ ಹೊತ್ತಿನಲ್ಲಿ ಓದಿಗೆ ಹೋಗಿ ಉಳಿದ ಪೂರ್ತಿ ಕಾಲ. ಅಷ್ಟಾದರೂ ಕೆಲಸ ಸಿಕ್ಕೇ ಸಿಗುವುದೆಂಬ ಭರವಸೆ ಇಲ್ಲ. 2024ರಲ್ಲಿ ಟೊರಾಂಟೊ ಸಮೀಪದ ಬ್ರಾಂಪ್ಟನ್ ನಗರದಲ್ಲಿ ಹೊಸದಾಗಿ ತೆರೆಯಲಿದ್ದ ಹೋಟೆಲೊಂದರ ಮುಂದೆ ಕೆಲಸ ಬೇಡಿ ನಿಂತ ಭಾರತೀಯ ವಿದ್ಯಾರ್ಥಿಗಳ ಸಾಲಿನ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿರಬಹುದು.

ಲೆಕ್ಕ ಕೂಡದಿದ್ದಾಗ ಮನುಷ್ಯ ಏನು ಮಾಡುತ್ತಾನೆ? ಮಿತಿಯನ್ನು ಮೀರುತ್ತಾನೆ. ಕಾಗದದ ಮೇಲೆ ಒಂದು ಗಂಟೆ, ಕೈಯಲ್ಲಿ ಇನ್ನೊಂದು. ಇಲ್ಲಿಯೇ ನಿಜವಾದ ಕೇಡು ಹುಟ್ಟುವುದು. ಆಸ್ಟ್ರೇಲಿಯದಲ್ಲಿ 2015ರಲ್ಲಿ ಬಯಲಿಗೆ ಬಂದ ಸೆವೆನ್ ಇಲೆವೆನ್ ಅಂಗಡಿಗಳ ಪ್ರಕರಣ ಇದಕ್ಕೆ ದೊಡ್ಡ ಸಾಕ್ಷಿ. ಆಗ ಮಿತಿ ಎರಡು ವಾರಕ್ಕೆ 40 ಗಂಟೆ, ಅಂದರೆ ವಾರಕ್ಕೆ ಇಪ್ಪತ್ತು. ಕೆಲವು ಅಂಗಡಿಗಳ ಒಡೆಯರು ವಿದ್ಯಾರ್ಥಿಯಿಂದ ವಾರಕ್ಕೆ ನಲವತ್ತು ಗಂಟೆ ದುಡಿಸಿ, ಪುಸ್ತಕದಲ್ಲಿ ಇಪ್ಪತ್ತೆಂದು ಬರೆದು, ಇಪ್ಪತ್ತರ ಸಂಬಳ ಕೊಡುತ್ತಿದ್ದರು. ಪುಸ್ತಕ ನೋಡಿದವರಿಗೆ ಎಲ್ಲವೂ ಸರಿ. ವಿದ್ಯಾರ್ಥಿ ದೂರಿಕೊಂಡರೆ? ‘ನೀನು ಇಪ್ಪತ್ತಕ್ಕಿಂತ ಹೆಚ್ಚು ದುಡಿದಿದ್ದೀಯೆ, ನಿನ್ನ ವೀಸಾ ಹೋಗುತ್ತದೆ’ ಎಂಬ ಬೆದರಿಕೆ. ವಿದ್ಯಾರ್ಥಿಯನ್ನು ಕಾಯಲೆಂದು ಮಾಡಿದ ನಿಯಮವೇ ಅವನ ಕೊರಳ ಹಗ್ಗವಾಯಿತು. ಕೊನೆಗೆ ಆ ಸಂಸ್ಥೆ ಕೆಲಸಗಾರರಿಗೆ ಹಿಂತಿರುಗಿಸಿದ ಹಣ 15 ಕೋಟಿ ಡಾಲರಿಗೂ ಮಿಕ್ಕಿತು. ವೀಸಾದ ಹೆದರಿಕೆ ತೋರಿಸಿ ದುಡಿಸುವುದನ್ನು ಅಪರಾಧವೆಂದು ಸಾರುವ ಕಾನೂನು ಅಲ್ಲಿ ಜಾರಿಗೆ ಬಂದುದು 2024ರ ಜುಲೈಯಲ್ಲಿ. ಒಂದು ಕಾನೂನು ಹುಟ್ಟುವುದಕ್ಕೆ ಒಂಬತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಎಷ್ಟು ಮಂದಿಯ ಓದು ಮುಗಿದು, ಮಾತು ಗಂಟಲಲ್ಲಿಯೇ ಉಳಿದಿತ್ತೊ!

ಹಾಗಾದರೆ ಓದುವವನು ದುಡಿಯಲೇಬಾರದೆ? ಹಾಗೆಂದರೆ ಕಾಯಕವನ್ನು ಪೂಜೆಯೆಂದು ಬಗೆದ ನಾಡಿನಲ್ಲಿ ಹುಟ್ಟಿ ತಪ್ಪು ಮಾತನ್ನಾಡಿದಂತಾದೀತು. ಮನೆಯಲ್ಲಿ ತಾನುಂಡ ತಟ್ಟೆಯನ್ನು ತೊಳೆಯದ ಹುಡುಗ ಅಲ್ಲಿ ನೂರು ಜನರ ತಟ್ಟೆ ತೊಳೆದು ಬಂದರೆ ಅದೂ ಒಂದು ಶಿಕ್ಷಣವೇ. ಕೆಲವೊಮ್ಮೆ ತರಗತಿಯಲ್ಲಿ ಕಲಿತುದಕ್ಕಿಂತ ಗಟ್ಟಿಯಾದ ಶಿಕ್ಷಣ. ಕೈಕೆಲಸವನ್ನು ಕೀಳೆಂದು ಬಗೆವ ನಮ್ಮ ಹಳೆಯ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ರೋಗ ಇನ್ನೂ ವಾಸಿಯಾಗಿಲ್ಲವೆಂಬುದಕ್ಕೆ ಒಂದು ಗುರುತುಂಟು. ಉಗ್ರಾಣದಲ್ಲಿ ರಾತ್ರಿಯೆಲ್ಲ ಪೆಟ್ಟಿಗೆ ಹೊತ್ತವನು ಮನೆಗೆ ಫೋನು ಮಾಡಿದಾಗ ‘ಕಂಪನಿಯಲ್ಲಿ ಕೆಲಸ’ ಎನ್ನುತ್ತಾನೆ. ತಾಯಿ ನೆರೆಮನೆಯವರಿಗೆ ಹಾಗೆಯೇ ಹೇಳುತ್ತಾಳೆ. ನೆರೆಮನೆಯ ಹುಡುಗ ಅದನ್ನು ನಂಬಿ ಮುಂದಿನ ವರ್ಷ ಅರ್ಜಿ ಹಾಕುತ್ತಾನೆ. ದುಡಿಮೆಯಲ್ಲಿ ನಾಚಿಕೆಯಿಲ್ಲ; ದುಡಿಮೆಯನ್ನು ಮುಚ್ಚಿಟ್ಟ ಸುಳ್ಳಿನಿಂದ ಮಾತ್ರ ಮತ್ತೊಬ್ಬನು ಹಾದಿ ತಪ್ಪುತ್ತಾನೆ. ಮಧ್ಯವರ್ತಿಯ ಜಾಹೀರಾತು ಮಾಡುವ ಕೇಡಿನ ಅರ್ಧವನ್ನು ನಮ್ಮ ಮರ್ಯಾದೆಯ ಹಂಬಲವೇ ಮಾಡುತ್ತದೆ.

ಮೇಲಿನ ಮಾತುಗಳಿಂದ ಹೊರಡುವ ವಿವೇಕ ಸರಳವಾದುದು. ಅನುಮತಿಸಿದ ಗಂಟೆಗಳ ಗಳಿಕೆ ಎಲೆಯ ತುದಿಯ ಉಪ್ಪಿನಕಾಯಿ. ಅದನ್ನು ಅನ್ನವೆಂದು ಎಣಿಸಬಾರದು. ಅದಿಲ್ಲದೆಯೂ ಊಟ ಮುಗಿಯುವಂತಿದ್ದರೆ ಹೋಗಬಹುದು. ಇದ್ದರೆ ರುಚಿ ಹೆಚ್ಚು. ಅದೇ ಅನ್ನವಾಗಬೇಕೆಂದಿದ್ದರೆ ಹೊರಡುವ ದಿನವನ್ನು ಮುಂದಕ್ಕೆ ಹಾಕುವುದು ಮೇಲು. ಅಂಬೇಡ್ಕರರಂತೆ ಒಂದೆರಡು ವರ್ಷ ಇಲ್ಲಿ ದುಡಿದು ಕೂಡಿಟ್ಟು ಹೋಗುವುದರಲ್ಲಿ ಅವಮಾನವಿಲ್ಲ. ಶುಲ್ಕ ಕಡಿಮೆಯಿರುವ ದೇಶಗಳನ್ನು ಹುಡುಕುವುದೂ ಜಾಣತನವೇ. ಜರ್ಮನಿಯಲ್ಲಿ ಬಹುಪಾಲು ಸರಕಾರಿ ವಿಶ್ವವಿದ್ಯಾಲಯಗಳು ಬೋಧನಾಶುಲ್ಕ ಕೇಳುವುದಿಲ್ಲ; 2024ರ ಮಾರ್ಚಿಯಿಂದ ವರ್ಷಕ್ಕೆ 140 ಪೂರ್ಣ ದಿನಗಳಷ್ಟು ದುಡಿಯಲು ಅವಕಾಶವನ್ನೂ ಕೊಟ್ಟಿವೆ ಅಲ್ಲಿಯ ನಿಯಮಗಳು. ಆದರೆ ಅಲ್ಲಿಯೂ ಒಂದು ವರ್ಷದ ಖರ್ಚನ್ನು ಮೊದಲೇ ಬ್ಯಾಂಕಿನಲ್ಲಿಟ್ಟು ತೋರಿಸಬೇಕು, ಭಾಷೆಯನ್ನೂ ಕಲಿಯಬೇಕು.

ಇದು ವಿದ್ಯಾರ್ಥಿಯೊಬ್ಬನ ಹೊಣೆ ಮಾತ್ರವೇ? ವಾರಾನ್ನದ ಏರ್ಪಾಡಿನಲ್ಲಿ ಊರು ಹೊತ್ತ ಭಾರವನ್ನು ಇಂದು ಯಾರು ಹೊತ್ತಿದ್ದಾರೆ? ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವುಂಟು, ನಮ್ಮ ರಾಜ್ಯದ ‘ಪ್ರಬುದ್ಧ’ ಯೋಜನೆಯುಂಟು. ಪರಿಶಿಷ್ಟ ವರ್ಗಗಳ ಎಷ್ಟೋ ಪ್ರತಿಭಾವಂತರಿಗೆ ಇವು ಬಾಗಿಲು ತೆರೆದಿವೆ. ಆದರೆ ಅಮೆರಿಕವೊಂದರಲ್ಲಿಯೇ 2024–25ರಲ್ಲಿ 3,63,019 ಭಾರತೀಯ ವಿದ್ಯಾರ್ಥಿಗಳಿದ್ದರೆಂಬುದನ್ನು ನೆನೆದರೆ ಈ ನೆರವು ಕಡಲಿಗೆ ಹಿಡಿದ ಬೊಗಸೆಯಷ್ಟು. ಉಳಿದವರ ಭಾರವನ್ನು ಹೊತ್ತಿರುವುದು ಬ್ಯಾಂಕಿನ ಸಾಲ, ತಾಯಿಯ ಒಡವೆ, ಮತ್ತು ಆ ಇಪ್ಪತ್ತನಾಲ್ಕು ಗಂಟೆ. ನಮ್ಮ ಮಠಗಳು, ವಿದ್ಯಾಸಂಸ್ಥೆಗಳು, ಪರದೇಶಗಳಲ್ಲಿ ನೆಲೆನಿಂತು ಚೆನ್ನಾಗಿ ಬಾಳುತ್ತಿರುವ ಕನ್ನಡ ಸಂಘಗಳು ಈ ದಿಕ್ಕಿನಲ್ಲಿ ಮನಸ್ಸು ಮಾಡಬಾರದೆ? ಹೊಸದಾಗಿ ಬಂದಿಳಿದವನಿಗೆ ಮೊದಲ ಎರಡು ತಿಂಗಳು ತಲೆಯ ಮೇಲೊಂದು ಸೂರು, ಕೂಲಿಯಲ್ಲಿ ಮೋಸವಾದಾಗ ದೂರು ಬರೆದುಕೊಡುವ ಒಬ್ಬ ಹಿರಿಯ: ಇಷ್ಟು ದೊರೆತರೂ ಇಂದಿನ ಕಾಲದ ವಾರಾನ್ನವೇ ಆದೀತು.

ಕಾಲೇಜುಗಳ ಕರ್ತವ್ಯವೂ ಉಂಟು. ನಡತೆಯ ಪತ್ರಕ್ಕೆ ರುಜು ಹಾಕಿ ಕಳಿಸುವುದಷ್ಟೇ ನಮ್ಮ ಕೆಲಸವೆಂದು ನಾವು ಭಾವಿಸಕೂಡದು. ಹೊರಡುವ ಮುನ್ನ ಅವನೊಡನೆ ಕುಳಿತು, ಕಾಗದ ಪೆನ್ಸಿಲು ಹಿಡಿದು, ಮೇಲೆ ಹೇಳಿದಂಥ ಲೆಕ್ಕವನ್ನು ಒಮ್ಮೆ ಹಾಕಿಸುವ ಅಧ್ಯಾಪಕ ಪ್ರತಿ ಕಾಲೇಜಿನಲ್ಲಿಯೂ ಒಬ್ಬನಿದ್ದರೆ ಸಾಕು. ಲೆಕ್ಕ ತಿಳಿದೂ ಹೋಗುವವನನ್ನು ತಡೆಯುವ ಅಧಿಕಾರ ನಮಗಿಲ್ಲ, ತಡೆಯಬೇಕಾದುದೂ ಇಲ್ಲ. ಅವನು ಕಣ್ಣು ತೆರೆದುಕೊಂಡು ಹೋಗುತ್ತಾನೆ; ಎಷ್ಟು ಗಂಟೆ ಮಾರಬೇಕು, ಎಷ್ಟು ಗಂಟೆ ಉಳಿಸಿಕೊಳ್ಳಬೇಕು ಎಂಬುದನ್ನು ಅರಿತಿರುತ್ತಾನೆ. ಮಾರಿದ ಗಂಟೆಗೆ ಕೂಲಿ ಬರುತ್ತದೆ. ಅವನು ಕಡಲು ದಾಟಿ ಹೋದುದು ಉಳಿಸಿಕೊಂಡ ಗಂಟೆಗಳಿಗಾಗಿ.